ಅಪ್ಪ ರೆಕಾರ್ಡ್ ಮಾಡಿದ ಯಕ್ಷಗಾನದ ವಿಡಿಯೊಗಳು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತಿಲ್ಲ (ಎಂಟಿಎಸ್, ವಿಒಬಿ, 3ಜಿಪಿ)

ಶರಾವತಿ ದಂಡೆ · ಶನಿವಾರ ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ನಮ್ಮೂರು ಹೊನ್ನಾವರದ ಹತ್ತಿರ, ಮದುವೆಯಾದ ಮೇಲೆ ಬೆಂಗಳೂರಿನಲ್ಲಿದ್ದೇನೆ. ನಮ್ಮ ಅಪ್ಪನಿಗೆ ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನ ಆಟ ಅಂದರೆ ಜೀವ. ಸುತ್ತಮುತ್ತ ಎಲ್ಲಿ ಆಟ ಇದ್ದರೂ ಕ್ಯಾಮೆರಾ ತೆಗೆದುಕೊಂಡು ಹೋಗಿ, ಬೆಳಗಿನ ಮಂಗಳದವರೆಗೂ ಕೂತು ರೆಕಾರ್ಡ್ ಮಾಡುತ್ತಿದ್ದರು. ಅದರಲ್ಲಿ ಕುಣಿದ ಕೆಲವರು, ಪದ್ಯ ಹೇಳಿದ ಒಬ್ಬ ಭಾಗವತರು ಈಗಿಲ್ಲ. ಅಪ್ಪನಿಗೆ ಕಣ್ಣು ಮಂಜಾಗುತ್ತಿದೆ, ಅಷ್ಟರೊಳಗೆ ಒಂದೊಂದು ಆಟವನ್ನಾದರೂ ಚೆನ್ನಾಗಿ ಜೋಡಿಸಿ ದೊಡ್ಡ ಟಿವಿಯಲ್ಲಿ ತೋರಿಸಬೇಕು ಅಂತ ಆಸೆ.

ಹಾರ್ಡ್‌ಡಿಸ್ಕ್‌ನಲ್ಲಿ ಮೂರು ತರಹದ ಫೈಲುಗಳಿವೆ. 2011ರ ನಂತರದವು .ಎಂಟಿಎಸ್. ಅದಕ್ಕೂ ಹಿಂದಿನವು ಸ್ಟುಡಿಯೊದವರು ಟೇಪಿನಿಂದ ಮಾಡಿಕೊಟ್ಟ ಡಿವಿಡಿಯ .ವಿಒಬಿ. ಅಣ್ಣ ಹಳೇ ಕೀಪ್ಯಾಡ್ ಫೋನಿನಲ್ಲಿ ತೆಗೆದ .3ಜಿಪಿ ಒಂದಷ್ಟು. ಗಂಡನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದೆ. ಎರಡು ಉಚಿತ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿ ನೋಡಿದೆ. ಒಂದು ಎಂಟಿಎಸ್ ಫೈಲನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಇನ್ನೊಂದು ಬಿಟ್ಟುಕೊಳ್ಳುತ್ತದೆ, ಆದರೆ ಕುಣಿತ ಬಂದಲ್ಲೆಲ್ಲ ಚಿತ್ರದ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ, ಹದಿನಾರು ನಿಮಿಷಕ್ಕೊಮ್ಮೆ ಪದ್ಯ ಚಣ ಹೊತ್ತು ನಿಂತುಹೋಗುತ್ತದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿದರೆ ಎಲ್ಲವೂ ಓಡುತ್ತವೆ. ಅಲ್ಲಿ ಓಡುವುದು ಇಲ್ಲೇಕೆ ಓಡುವುದಿಲ್ಲ?

ಪಡುವಣ · ಶನಿವಾರ ರಾತ್ರಿ 10:32

ಹೆಸರಿನ ಕೊನೆಗಿರುವ ಎಂಟಿಎಸ್ ಅಳಿಸಿ ಎಂಪಿ4 ಅಂತ ಬರೆದು ನೋಡಿ. ನನಗೊಮ್ಮೆ ಹಾಗೆ ಓಪನ್ ಆಗಿತ್ತು. ಇಲ್ಲದಿದ್ದರೆ ಆನ್‌ಲೈನ್ ಕನ್ವರ್ಟರ್ ಬಹಳ ಇವೆ, ಅಪ್‌ಲೋಡ್ ಮಾಡಿದರೆ ಎಂಪಿ4 ಮಾಡಿಕೊಡುತ್ತವೆ.

ಧಾರವಾಡದ ಮಳಿ · ಶನಿವಾರ ರಾತ್ರಿ 10:50

ಹಂಗ ಮಾಡಬ್ಯಾಡ್ರಿ ಅಕ್ಕಾರ. ಡಬ್ಬಿ ಮ್ಯಾಲಿನ ಚೀಟಿ ಬದಲಿಸಿದ್ರ ಒಳಗಿನ ಉಪ್ಪು ಸಕ್ಕರಿ ಆಗೂದಿಲ್ಲ. ಎಂಟಿಎಸ್, ಎಂಪಿ4, ಎಂಕೆವಿ, ಎಂಒವಿ ಇವೆಲ್ಲಾ ಬರೇ ಡಬ್ಬಿ. ಅದರಾಗ ಚಿತ್ರ ಬ್ಯಾರೆ, ದನಿ ಬ್ಯಾರೆ ತುಂಬಿರತಾರ. ಚಿತ್ರಾನ ಯಾವ ರೀತಿ ಕುಗ್ಗಿಸ್ಯಾರ ಅನ್ನೂದಕ್ಕ ಕೋಡೆಕ್ ಅಂತಾರ. ಸಾಫ್ಟ್‌ವೇರ್ ಫೈಲ್ ತಗೊಳ್ಳಲಿಲ್ಲ ಅಂದ್ರ ಮೂರರಾಗ ಒಂದು ಕಾರಣ: ಡಬ್ಬಿ ಗೊತ್ತಿಲ್ಲ, ಚಿತ್ರದ ಕೋಡೆಕ್ ಗೊತ್ತಿಲ್ಲ, ಇಲ್ಲಾ ದನೀದು ಗೊತ್ತಿಲ್ಲ. ಯಾವುದು ಅಂತ ತಿಳಕೊಳ್ಳದ ಕನ್ವರ್ಟ್ ಮಾಡಾಕ ಕುಂತ್ರ ಇದ್ದದ್ದೂ ಹಾಳಾಗತೈತಿ.

ಆನ್‌ಲೈನ್ ಕನ್ವರ್ಟರ್ ಅಂತೂ ಬ್ಯಾಡ್ರಿ. ಇಡೀ ರಾತ್ರಿ ಆಟ ಎಷ್ಟು ಜಿಬಿ ಇರತೈತಿ, ಅದನ್ನ ಮ್ಯಾಲ ಕಳಿಸಿ ಕೆಳಗ ಇಳಿಸಿಕೊಳ್ಳೂದ ಆಗೂದಿಲ್ಲ. ಬಂದದ್ದೂ ಮತ್ತೊಮ್ಮೆ ಹಿಂಡಿದ್ದ ಇರತೈತಿ.

ಮೀಡಿಯಾಇನ್ಫೊ ಅಂತ ಉಚಿತ ಸಾಫ್ಟ್‌ವೇರ್ ಐತಿ, ಉಬುಂಟುದಾಗೂ ಸಿಗತೈತಿ. ಅದರಾಗ ಫೈಲ್ ತಗದು ಏನು ತೋರಿಸತೈತಿ ಅಂತ ಇಲ್ಲಿ ಬರೀರಿ. ಆಮ್ಯಾಲ ಮಾತಾಡೂಣು.

ಪಡುವಣ · ಶನಿವಾರ ರಾತ್ರಿ 10:58

ಸರಿ ಸರ್, ನನ್ನ ಸಲಹೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಾನೂ ಕಲಿಯುತ್ತಿದ್ದೇನೆ.

ಶರಾವತಿ ದಂಡೆ · ಭಾನುವಾರ ಬೆಳಿಗ್ಗೆ 7:20

ಹಾಕಿ ನೋಡಿದೆ. ಎಂಟಿಎಸ್: ಚಿತ್ರ ಎವಿಸಿ, 1920 × 1080, ಇಂಟರ್‌ಲೇಸ್ಡ್, ಟಾಪ್ ಫೀಲ್ಡ್ ಫಸ್ಟ್, ಸೆಕೆಂಡಿಗೆ 25 ಫ್ರೇಮ್, ಸುಮಾರು 17 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್). ದನಿ ಎಸಿ-3. ಒಂದು ರಾತ್ರಿಯ ಆಟ 32 ತುಂಡಾಗಿದೆ, ಒಟ್ಟು 61 ಜಿಬಿ. ಬಹುತೇಕ ತುಂಡುಗಳು ಎರಡು ಜಿಬಿ ಆಸುಪಾಸು, ಎರಡು ಮಾತ್ರ ಚಿಕ್ಕವು.

ವಿಒಬಿ: ಎಂಪೆಗ್-2, 720 × 576, ಅದೂ ಇಂಟರ್‌ಲೇಸ್ಡ್. 3ಜಿಪಿ: ಎಚ್.263, 176 × 144, ದನಿ ಎಎಂಆರ್, 8 ಕಿಲೊಹರ್ಟ್ಸ್.

ಕತ್ತರಿ ಕೆಲಸ · ಭಾನುವಾರ ಬೆಳಿಗ್ಗೆ 9:05

ಶಿವಮೊಗ್ಗದಲ್ಲಿ ಮದುವೆ, ಗೃಹಪ್ರವೇಶದ ವಿಡಿಯೊ ಎಡಿಟ್ ಮಾಡುವುದೇ ನನ್ನ ಹೊಟ್ಟೆಪಾಡು. ನಿಮ್ಮಂಥ ಫೈಲು ವರ್ಷಕ್ಕೆ ಹತ್ತಾರು ಬರುತ್ತವೆ. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ನಿಮ್ಮ ಪ್ರಶ್ನೆ. ವಿಎಲ್‌ಸಿ ತನ್ನ ಜೊತೆಗೇ ಕೋಡೆಕ್‌ಗಳ ದೊಡ್ಡ ಬುತ್ತಿ ಕಟ್ಟಿಕೊಂಡು ಬರುತ್ತದೆ. ಅದರ ಕೆಲಸವೂ ಸುಲಭದ್ದು, ಮೊದಲಿನಿಂದ ಕೊನೆಯವರೆಗೆ ಒಂದೇ ದಿಕ್ಕಿಗೆ ಓಡಿಸುವುದು. ಎಡಿಟರ್ ಹಾಗಲ್ಲ. ನೀವು ಟೈಮ್‌ಲೈನ್‌ನಲ್ಲಿ (ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ) ಎಲ್ಲಿ ಬೆರಳಿಟ್ಟರೂ ಆ ಒಂದು ಫ್ರೇಮನ್ನು ಆ ಕ್ಷಣವೇ ತೋರಿಸಬೇಕು. ಎವಿಸಿ ಅಂದರೆ ಎಚ್.264. ಅದು ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಒಂದು ಪೂರ್ತಿ ಚಿತ್ರ ಇಟ್ಟು, ಮುಂದಿನ ಹತ್ತು ಹನ್ನೆರಡು ಫ್ರೇಮಿಗೆ ಏನು ಬದಲಾಯಿತು ಅನ್ನುವುದನ್ನಷ್ಟೇ ಬರೆಯುತ್ತದೆ. ನಡುವಿನ ಒಂದು ಫ್ರೇಮು ಬೇಕೆಂದರೆ ಹಿಂದಕ್ಕೆ ಹೋಗಿ ಪೂರ್ತಿ ಚಿತ್ರ ಹುಡುಕಿ ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕು. ಹಳೇ ಲ್ಯಾಪ್‌ಟಾಪ್ ತಡವರಿಸುವುದು ಅದಕ್ಕೆ.

ಇನ್ನೊಂದು ಕಾರಣ ಪರವಾನಗಿ. ಎಚ್.264 ಮೇಲೆ ಪೇಟೆಂಟ್‌ಗಳಿವೆ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟರ್‌ನ ಉಚಿತ ಆವೃತ್ತಿ ವಿಂಡೋಸ್‌ನಲ್ಲಿ, ಮ್ಯಾಕ್‌ನಲ್ಲಿ ಎಚ್.264 ತೆಗೆದುಕೊಳ್ಳುತ್ತದೆ, ಲಿನಕ್ಸ್‌ನಲ್ಲಿ ತೆಗೆದುಕೊಳ್ಳುವುದಿಲ್ಲ. ಹಾಗಂತ ಅವರೇ ಬರೆದಿದ್ದಾರೆ, ಮುಚ್ಚುಮರೆ ಏನಿಲ್ಲ. ಎಷ್ಟೋ ಜನ ಉಬುಂಟುವಿನಲ್ಲಿ ಅದನ್ನು ಹಾಕಿ ಫೈಲೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ.

ಉಬುಂಟುವಿನಲ್ಲಿ ನಿಮಗೆ ಸುಲಭದ ದಾರಿ ಕೆಡೆನ್‌ಲೈವ್ ಅಥವಾ ಶಾಟ್‌ಕಟ್. ಎರಡೂ ಎಫ್‌ಎಫ್‌ಎಂಪೆಗ್ ಮೇಲೆ ನಿಂತಿವೆ. ಎಫ್‌ಎಫ್‌ಎಂಪೆಗ್ ಅನ್ನುವುದು 2000ರಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ ಮುಕ್ತ ತಂತ್ರಾಂಶ. ನಿಮ್ಮ ಮೂರೂ ತರಹದ ಫೈಲನ್ನು ಅದು ಬಿಚ್ಚುತ್ತದೆ. ನನ್ನ ಕೆಲಸದ ಅರ್ಧ ಭಾರ ಅದೇ ಹೊರುತ್ತದೆ, ಆ ಕೃತಜ್ಞತೆಯಿಂದಲೇ ಹೆಸರು ಹೇಳಿದೆ.

ಇನ್ನು ಹದಿನಾರು ನಿಮಿಷಕ್ಕೊಮ್ಮೆ ಪದ್ಯ ನಿಲ್ಲುವ ವಿಷಯ. 17 ಎಂಬಿಪಿಎಸ್‌ನಲ್ಲಿ ಎರಡು ಜಿಬಿ ತುಂಬಲು ಸುಮಾರು ಹದಿನಾರು ನಿಮಿಷ ಬೇಕು. ಕ್ಯಾಮೆರಾದ ಒಳಗೆ ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಆದ್ದರಿಂದ ಕೆಲವು ಕ್ಯಾಮೆರಾ ಎರಡಕ್ಕೆ, ಕೆಲವು ನಾಲ್ಕಕ್ಕೆ ತುಂಡರಿಸುತ್ತವೆ. ತುಂಡಾಗುವ ಜಾಗದಲ್ಲಿ ದನಿಯ ಕೊನೆಯ ಚೂರು ಒಂದು ಫೈಲಿನಲ್ಲೂ ಅದರ ಉಳಿದರ್ಧ ಮುಂದಿನ ಫೈಲಿನಲ್ಲೂ ಇರುತ್ತದೆ. ಬೇರೆ ಬೇರೆ ತಂದು ಟೈಮ್‌ಲೈನ್‌ನಲ್ಲಿ ಪಕ್ಕ ಪಕ್ಕ ಇಟ್ಟರೆ ಆ ಚೂರು ಎರಡು ಕಡೆಯೂ ಸಿಗದೆ ಕಳೆದುಹೋಗುತ್ತದೆ.

ಆದ್ದರಿಂದ ಎಡಿಟರ್‌ಗೆ ಹಾಕುವ ಮೊದಲೇ ತುಂಡುಗಳನ್ನು ಸೇರಿಸಿ. ಎಂಟಿಎಸ್ ಅನ್ನು ಸೇರಿಸುವುದು ಸುಲಭ, ಬೈಟಿಗೆ ಬೈಟು ಅಂಟಿಸಿದರೆ ಸಾಕು. ಟರ್ಮಿನಲ್‌ನಲ್ಲಿ ಕ್ಯಾಟ್ ಆಜ್ಞೆ ಬರೆದು, ಫೈಲುಗಳ ಹೆಸರನ್ನು ಅನುಕ್ರಮವಾಗಿ ಕೊಟ್ಟು, ಎಲ್ಲವನ್ನೂ ಒಂದು ಹೊಸ ಫೈಲಿಗೆ ತಿರುಗಿಸಿ. ವಿಂಡೋಸ್ ಆದರೆ ಕಾಪಿ ಆಜ್ಞೆಗೆ ಸ್ಲ್ಯಾಶ್ ಬಿ ಸೇರಿಸಬೇಕು. ಒಂದು ಎಚ್ಚರ. ಒಂದೇ ರೆಕಾರ್ಡಿಂಗಿನ ತುಂಡುಗಳನ್ನು ಮಾತ್ರ ಹೀಗೆ ಅಂಟಿಸಬೇಕು. ನಿಮ್ಮಲ್ಲಿ ಎರಡು ಚಿಕ್ಕ ಫೈಲು ಇವೆ ಅಂದಿರಿ. ಅಂದರೆ ಅಪ್ಪ ನಡುರಾತ್ರಿ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದ್ದಾರೆ. ಮೊದಲ ಚಿಕ್ಕ ಫೈಲಿನವರೆಗೆ ಒಂದು ಕಟ್ಟು, ಅಲ್ಲಿಂದಾಚೆ ಇನ್ನೊಂದು ಕಟ್ಟು.

ಶರಾವತಿ ದಂಡೆ · ಭಾನುವಾರ ಮಧ್ಯಾಹ್ನ 1:40

ಕತ್ತರಿ ಕೆಲಸದವರೇ, ಸೇರಿಸಿದೆ. ಪದ್ಯ ಎಲ್ಲೂ ನಿಲ್ಲುತ್ತಿಲ್ಲ! ಅಪ್ಪನಿಗೆ ಫೋನ್ ಮಾಡಿ ಕೇಳಿದೆ, ಹೌದಂತೆ, ಚಹಾ ಕುಡಿಯಲು ಎದ್ದಾಗ ನಿಲ್ಲಿಸುತ್ತಿದ್ದರಂತೆ. ಇಷ್ಟು ವರ್ಷ ಆ ಫೈಲುಗಳೇ ಹಾಳಾಗಿವೆ ಅಂತ ನಂಬಿಕೊಂಡಿದ್ದರು.

ಕೆಡೆನ್‌ಲೈವ್‌ನಲ್ಲಿ ಫೈಲು ಬಂತು. ಆದರೆ ನಡುವೆ ಎಲ್ಲಾದರೂ ಒತ್ತಿದರೆ ಚಿತ್ರ ಬರಲು ಬಹಳ ಹೊತ್ತು. ಬಾಚಣಿಗೆಯ ಸೀಳು ಹಾಗೇ ಇದೆ.

ಹಳೇ ಟೇಪು · ಭಾನುವಾರ ಮಧ್ಯಾಹ್ನ 3:15

ಮೈಸೂರಿನವನು, ನಿವೃತ್ತ. ಮನೆಮನೆಯ ಟೇಪುಗಳನ್ನು ಡಿಜಿಟಲ್ ಮಾಡಿಕೊಡುತ್ತೇನೆ. ಆ ಸೀಳು ದೋಷವಲ್ಲಮ್ಮ. ಇಂಟರ್‌ಲೇಸ್ ಅಂದರೆ ಒಂದು ಫ್ರೇಮಿನಲ್ಲಿ ಎರಡು ಹೊತ್ತಿನ ಚಿತ್ರ ಇರುತ್ತದೆ. ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಒಂದು ಬಿಟ್ಟು ಒಂದು ಗೆರೆ, ಮುಂದಿನ ಐವತ್ತನೇ ಭಾಗದಲ್ಲಿ ಉಳಿದ ಗೆರೆಗಳು. ಈ ಒಂದೊಂದು ಗೆರೆಗಳ ಗುಂಪಿಗೆ ಫೀಲ್ಡ್ ಅನ್ನುತ್ತಾರೆ. ಹಳೇ ಟಿವಿ ಅವನ್ನು ಹಾಗೇ ಒಂದರ ಹಿಂದೆ ಒಂದು ತೋರಿಸುತ್ತಿತ್ತು. ಈಗಿನ ಪರದೆ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ವೇಷ ನಿಂತಿದ್ದರೆ ಗೊತ್ತಾಗುವುದಿಲ್ಲ. ಮಂಡಿ ಹಾಕಿ ಗಿರಗಿರನೆ ತಿರುಗುವಾಗ ಆ ಎರಡು ಹೊತ್ತಿನ ನಡುವೆ ಕಿರೀಟ ಎಷ್ಟೋ ದೂರ ಹೋಗಿರುತ್ತದೆ.

ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಡಿಇಂಟರ್‌ಲೇಸ್ ಮಾಡು, ಅಂದರೆ ಆ ಸೀಳು ತೆಗೆ, ಅಂದರೆ ಸೆಕೆಂಡಿಗೆ 25 ಫ್ರೇಮು ಮಾಡಿ ಕೈತೊಳೆದುಕೊಳ್ಳುತ್ತಾರೆ. ಅರ್ಧ ಚಲನೆ ಕಸಕ್ಕೆ ಹೋಯಿತು. ಎಫ್‌ಎಫ್‌ಎಂಪೆಗ್‌ನಲ್ಲಿ ಬಿಡಬ್ಲ್ಯುಡಿಐಎಫ್ ಅನ್ನುವ ಫಿಲ್ಟರ್ ಇದೆ. ಪ್ರತಿ ಫೀಲ್ಡಿಗೂ ಒಂದು ಫ್ರೇಮು ಕೊಡು ಅಂತ ಅದಕ್ಕೆ ಹೇಳಿದರೆ 50 ಫ್ರೇಮಿನ ವಿಡಿಯೊ ಬರುತ್ತದೆ. ಕುಣಿತದ ವಿಡಿಯೊಗೆ ಇದನ್ನೇ ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ. ಹೆಜ್ಜೆಗಾರಿಕೆ ನೋಡಲೆಂದೇ ಅಲ್ಲವೆ ನಿಮ್ಮ ತಂದೆ ರಾತ್ರಿಯೆಲ್ಲ ಕೂತದ್ದು?

ಯಾವ ಫೀಲ್ಡ್ ಮೊದಲು ಅನ್ನುವುದನ್ನೂ ಸರಿಯಾಗಿ ಹೇಳಬೇಕು. ನಿಮ್ಮ ಎಂಟಿಎಸ್‌ನಲ್ಲಿ ಮೇಲಿನದು ಮೊದಲು. ಮಿನಿಡಿವಿ ಟೇಪಿನಿಂದ ನೇರ ಬಂದ ಫೈಲಿನಲ್ಲಿ ಕೆಳಗಿನದು ಮೊದಲು. ತಿರುಗುಮುರುಗಾದರೆ ವೇಷಧಾರಿ ಮುಂದೆ ಹೋಗಿ ಹಿಂದೆ ಬಂದು ಮತ್ತೆ ಮುಂದೆ ಹೋದಂತೆ ಕಂಪಿಸುತ್ತದೆ. ಹಾಗೆ ಕಂಡರೆ ಕಾರಣ ಇದೇ ಅಂದುಕೊಳ್ಳಿ.

ಕತ್ತರಿ ಕೆಲಸ · ಭಾನುವಾರ ಸಂಜೆ 6:30

ಹಳೇ ಟೇಪು ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಜಾಗದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ತಡವರಿಕೆ ಹೋಗಬೇಕಾದರೆ ಪ್ರತಿ ಫ್ರೇಮೂ ಪೂರ್ತಿ ಇರುವ ಕೋಡೆಕ್ ಬೇಕು. ಆಪಲ್‌ನವರ ಪ್ರೊರೆಸ್, ಆವಿಡ್‌ನವರ ಡಿಎನ್‌ಎಕ್ಸ್‌ಎಚ್‌ಆರ್ ಎರಡೂ ಆ ಜಾತಿಯವು. ಎರಡನ್ನೂ ಎಫ್‌ಎಫ್‌ಎಂಪೆಗ್ ಬರೆಯುತ್ತದೆ, ಲಿನಕ್ಸಿನ ರಿಸಾಲ್ವ್ ಕೂಡ ಓದುತ್ತದೆ. ಕಣ್ಣಿಗೆ ಕಾಣುವ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಗಾತ್ರ ನೋಡಿ. ಪ್ರೊರೆಸ್ ಎಲ್‌ಟಿ, 1080, 50 ಫ್ರೇಮು ಅಂದರೆ ಸುಮಾರು 170 ಎಂಬಿಪಿಎಸ್, ಗಂಟೆಗೆ 76 ಜಿಬಿ. ನಿಮ್ಮ ಎಂಟು ಗಂಟೆಯ ಆಟ 61 ಜಿಬಿ ಇದ್ದದ್ದು 600 ದಾಟುತ್ತದೆ.

ಆದ್ದರಿಂದ ಇಡೀ ರಾತ್ರಿಯನ್ನು ಪ್ರೊರೆಸ್ ಮಾಡಬೇಡಿ. ಕೆಡೆನ್‌ಲೈವ್‌ನಲ್ಲಿ ಪ್ರಾಕ್ಸಿ ಅನ್ನುವ ಸೌಲಭ್ಯ ಇದೆ. ಮೂಲ ಫೈಲಿನ ಚಿಕ್ಕ, ಹಗುರ ನಕಲೊಂದನ್ನು ಅದೇ ಮಾಡಿಕೊಳ್ಳುತ್ತದೆ. ನೀವು ಕತ್ತರಿಸುವುದೆಲ್ಲ ನಕಲಿನ ಮೇಲೆ, ಕೊನೆಗೆ ರೆಂಡರ್ ಮಾಡುವಾಗ (ಸಿದ್ಧ ವಿಡಿಯೊ ಹೊರತೆಗೆಯುವಾಗ) ಮೂಲವನ್ನೇ ಬಳಸುತ್ತದೆ. ಆರಿಸಿದ ಭಾಗಗಳಿಗೆ, ಒಂದು ಒಡ್ಡೋಲಗಕ್ಕೋ ಒಂದು ಯುದ್ಧಕ್ಕೋ, ಬೇಕಾದರೆ ಪ್ರೊರೆಸ್ ಮಾಡಿಕೊಳ್ಳಿ.

ಎಸಿ-3 ದನಿಯನ್ನು ಎಲ್ಲ ಎಡಿಟರ್‌ಗಳೂ ಓದುವುದಿಲ್ಲ. ಅಂಥ ಕಡೆ ಚಿತ್ರವನ್ನು ಮುಟ್ಟದೆ, ದನಿಯನ್ನಷ್ಟೇ ಪಿಸಿಎಂ (ಹಿಂಡದ ದನಿ) ಮಾಡಿ ಎಂಒವಿ ಡಬ್ಬಿಗೆ ಹಾಕಬಹುದು. ಎಫ್‌ಎಫ್‌ಎಂಪೆಗ್‌ಗೆ ಚಿತ್ರಕ್ಕೆ 'ಕಾಪಿ' ಅಂತ ಹೇಳಿದರೆ ಅದು ಮರುಹಿಂಡುವುದಿಲ್ಲ, ಹಾಗೇ ಎತ್ತಿ ಇಡುತ್ತದೆ. ಒಂದು ಗಂಟೆಯ ವಿಡಿಯೊ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಫೈಲು ತೆರೆಯದಿದ್ದಾಗ ನಾನು ಮಾಡುವ ಮೊದಲ ಕೆಲಸವೇ ಇದು, ಡಬ್ಬಿ ಬದಲಿಸಿ ನೋಡುವುದು. ಅದಕ್ಕೂ ಬಗ್ಗದಿದ್ದರೆ ಮಾತ್ರ ಕೋಡೆಕ್ ಬದಲಿಸುತ್ತೇನೆ. ಅಡೋಬಿಯವರ ಎಡಿಟರ್ ಪ್ರೀಮಿಯರ್‌ನ ಹಳೇ ಆವೃತ್ತಿಗಳಿಗೆ ಎಂಕೆವಿ ಬೇಡ, ಆದರೆ ಅದೇ ಸರಕನ್ನು ಎಂಪಿ4 ಡಬ್ಬಿಯಲ್ಲಿ ಕೊಟ್ಟರೆ ಬಹಳ ಸಲ ಒಪ್ಪುತ್ತವೆ. ಆಜ್ಞೆ ಬರೆಯಲು ಕೈ ಬರದವರಿಗೆ ಶಟರ್ ಎನ್‌ಕೋಡರ್ ಇದೆ, ಒಳಗೆ ಓಡುವುದು ಎಫ್‌ಎಫ್‌ಎಂಪೆಗ್ಗೇ. ಗುಂಡಿ ಒತ್ತಿ ಮಾಡಬಹುದು.

ನೀಲಿ ಛತ್ರಿ · ಭಾನುವಾರ ರಾತ್ರಿ 8:10

ನಡುವೆ ಬಂದದ್ದಕ್ಕೆ ಕ್ಷಮಿಸಿ, ನನ್ನದೂ ಇದೇ ಕಷ್ಟ. ಮನೆಯಲ್ಲಿ 2005ರ ಕಾಲದ .ಎಂಒವಿ ಫೈಲುಗಳಿವೆ. ಆಗ ಓಡುತ್ತಿದ್ದವು ಈಗ ಮ್ಯಾಕ್‌ನಲ್ಲೂ ತೆರೆಯುವುದಿಲ್ಲ, ವಿಂಡೋಸ್‌ನಲ್ಲೂ ಇಲ್ಲ. ಮೀಡಿಯಾಇನ್ಫೊ ಸೊರೆನ್‌ಸನ್ ಅಂತ ತೋರಿಸುತ್ತದೆ.

ಧಾರವಾಡದ ಮಳಿ · ಭಾನುವಾರ ರಾತ್ರಿ 8:35

ಅವು ಆಪಲ್‌ನವರ ಕ್ವಿಕ್‌ಟೈಮ್ ಪ್ಲೇಯರ್ ಕಾಲದ ಕೋಡೆಕ್ ರಿ. ವಿಂಡೋಸಿನ ಕ್ವಿಕ್‌ಟೈಮ್‌ಗೆ ಆಪಲ್‌ನವರು 2016ರಾಗ ಬೆಂಬಲ ನಿಲ್ಲಿಸಿದ್ರು. ಭದ್ರತಾ ದೋಷ ಇದ್ವು, ತಗದು ಹಾಕ್ರಿ ಅಂತ ಅಮೆರಿಕ ಸರಕಾರದವರ ಎಚ್ಚರಿಕೆ ಕೊಟ್ರು. ಮ್ಯಾಕ್‌ನಾಗ 2019ರ ಕ್ಯಾಟಲಿನಾ ಆವೃತ್ತಿ ಬಂದ ಮ್ಯಾಲ 32 ಬಿಟ್ಟಿನ ಹಳೇ ಕೋಡೆಕ್ ಎಲ್ಲಾ ಹೋದ್ವು. ಹಿಂಗಾಗಿ ನಿಮ್ಮ ಫೈಲ್ ಕೆಟ್ಟಿಲ್ಲ, ಓದಾವ್ರು ಹೋಗ್ಯಾರ. ಎಫ್‌ಎಫ್‌ಎಂಪೆಗ್ ಸೊರೆನ್‌ಸನ್ ಓದತೈತಿ, ಅಂಥದ ಇನ್ನೊಂದು ಹಳೇ ಕೋಡೆಕ್ ಸಿನೆಪ್ಯಾಕೂ ಓದತೈತಿ. ಅದರಿಂದ ಪ್ರೊರೆಸ್ ಮಾಡಿ ಎಡಿಟ್ ಮಾಡ್ರಿ. ಮೂಲ ಅಳಿಸಬ್ಯಾಡ್ರಿ.

ಶರಾವತಿ ದಂಡೆ · ಮಂಗಳವಾರ ರಾತ್ರಿ 11:05

ಎಂಟಿಎಸ್ ಚೆನ್ನಾಗಿ ನಡೆಯುತ್ತಿದೆ. 50 ಫ್ರೇಮಿನಲ್ಲಿ ಮಂಡಿ ಕುಣಿತ ನೋಡಿ ಕಣ್ಣು ತುಂಬಿತು, ನಿಜ ಹೇಳುತ್ತಿದ್ದೇನೆ. ಇನ್ನೊಂದು ತೊಂದರೆ. ಅದೇ ಆಟದ ಕೊನೆಯ ಅರ್ಧ ಗಂಟೆಯನ್ನು ಪಕ್ಕದಲ್ಲಿ ಕೂತ ಒಬ್ಬರು ಸ್ಮಾರ್ಟ್‌ಫೋನಿನಲ್ಲಿ ತೆಗೆದಿದ್ದರಂತೆ, ಕೇಳಿ ತರಿಸಿಕೊಂಡೆ. ಎಂಪಿ4, ಎಚ್.264, ಸಲೀಸಾಗಿ ತೆರೆಯುತ್ತದೆ. ಆದರೆ ಮೊದಲು ಸರಿ ಇದ್ದು, ಹೋಗ್ತಾ ಹೋಗ್ತಾ ಚಂಡೆಯ ಪೆಟ್ಟು ಮುಂದೆ, ಹೆಜ್ಜೆ ಹಿಂದೆ. ಕೊನೆಗೆ ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ.

ಹಳೇ ಟೇಪು · ಬುಧವಾರ ಬೆಳಿಗ್ಗೆ 6:45

ತೆರೆಯುತ್ತದೆ ಅಂದ ಮಾತ್ರಕ್ಕೆ ಒಗ್ಗುತ್ತದೆ ಅಂತಲ್ಲ. ಮೀಡಿಯಾಇನ್ಫೊದಲ್ಲಿ ಫ್ರೇಮ್ ರೇಟ್ ಮೋಡ್ ನೋಡಿ, ವೇರಿಯಬಲ್ ಅಂತ ಇರುತ್ತದೆ. ಫೋನು ಬೆಳಕು ಕಡಿಮೆಯಾದಾಗ ಸೆಕೆಂಡಿಗೆ 30ರ ಬದಲು 24, 20 ಹೀಗೆ ಇಳಿಸುತ್ತದೆ. ಬಯಲಾಟದಲ್ಲಿ ನಡುರಾತ್ರಿ ಬೆಳಕು ಏರುಪೇರಾಗುತ್ತಲೇ ಇರುತ್ತದಲ್ಲ. ಪ್ಲೇಯರ್ ಪ್ರತಿ ಫ್ರೇಮಿನ ಸಮಯ ನೋಡಿ ಓಡಿಸುತ್ತದೆ. ಎಡಿಟರ್ ಎಲ್ಲ ಫ್ರೇಮೂ ಸಮಾನ ಅಂತ ಎಣಿಸಿದರೆ ಚಿತ್ರ ಸರಿಯುತ್ತದೆ, ದನಿ ತನ್ನ ಪಾಡಿಗೆ ಇರುತ್ತದೆ.

ಫ್ರೇಮ್ ರೇಟನ್ನು ಸ್ಥಿರ ಮಾಡಿ ಪರಿವರ್ತಿಸಬೇಕು. ಕೆಡೆನ್‌ಲೈವ್‌ನ ಹೊಸ ಆವೃತ್ತಿ ಇದನ್ನು ತಾನೇ ಗುರುತಿಸಿ ಪರಿವರ್ತಿಸಲೇ ಅಂತ ಕೇಳುತ್ತದೆ, ನೀವು ಬೇಡ ಅಂತ ಒತ್ತಿರಬಹುದು. ಶಾಟ್‌ಕಟ್ ಕೂಡ ಕೇಳುತ್ತದೆ. ನಿಮ್ಮ ಯೋಜನೆ 50 ಫ್ರೇಮಿನದ್ದಾದ್ದರಿಂದ ಇದನ್ನೂ 50ಕ್ಕೇ ಮಾಡಿ. ದಯವಿಟ್ಟು ಕೈಯಿಂದ ಅಲ್ಲಲ್ಲಿ ಕತ್ತರಿಸಿ ದನಿ ಹೊಂದಿಸಲು ಹೋಗಬೇಡಿ. ಚಂಡೆಯ ಮುಕ್ತಾಯ ಒಂದು ಕಡೆ ಕೂಡಿದರೆ ಇನ್ನೊಂದು ಕಡೆ ತಪ್ಪುತ್ತದೆ.

ಶರಾವತಿ ದಂಡೆ · ಬುಧವಾರ ರಾತ್ರಿ 9:50

ಹೌದು ಸರ್, ಏನೋ ಕೇಳಿತ್ತು, ಅರ್ಥವಾಗದೆ ಬೇಡ ಅಂದಿದ್ದೆ. ಈಗ ಕೂಡಿತು. ವಿಒಬಿ ಹಾಗೂ 3ಜಿಪಿಗೆ ಏನು ಮಾಡಲಿ?

ಕತ್ತರಿ ಕೆಲಸ · ಬುಧವಾರ ರಾತ್ರಿ 10:20

ವಿಒಬಿಯೂ ಒಂದೊಂದು ಜಿಬಿಗೆ ತುಂಡಾಗಿರುತ್ತದೆ, ಎಂಟಿಎಸ್‌ನಂತೆಯೇ ಮೊದಲು ಸೇರಿಸಿ. ಅದರ ಪಿಕ್ಸೆಲ್ ಚೌಕವಲ್ಲ. 720 × 576 ಅಂತ ಇದ್ದರೂ ತೋರಿಸಬೇಕಾದ್ದು 4:3 ಅನುಪಾತದಲ್ಲಿ, ಅಂದರೆ 768 × 576. ಅಗಲದ ಪರದೆ ತುಂಬಲಿ ಅಂತ ಎಳೆಯಬೇಡಿ, ವೇಷವೆಲ್ಲ ಕುಳ್ಳಗಾಗುತ್ತವೆ. ಎರಡೂ ಪಕ್ಕ ಕಪ್ಪು ಇರಲಿ.

3ಜಿಪಿಯ ದನಿಯನ್ನು 48 ಕಿಲೊಹರ್ಟ್ಸ್ ಪಿಸಿಎಂ ಮಾಡಿಕೊಳ್ಳಿ, ಆಗ ಎಲ್ಲ ಎಡಿಟರ್‌ಗಳೂ ಒಪ್ಪುತ್ತವೆ. 176 × 144 ಚಿತ್ರವನ್ನು ದೊಡ್ಡದು ಮಾಡಿದರೆ ಬಣ್ಣದ ಚೌಕಗಳಷ್ಟೇ ಕಾಣುತ್ತವೆ. ನಾನಾದರೆ ಪರದೆಯ ನಡುವೆ ಚಿಕ್ಕದಾಗಿಯೇ ಇಡುತ್ತೇನೆ. ಮುಖ ಕಾಣದಿದ್ದರೂ ಭಾಗವತರ ದನಿ ಇದೆಯಲ್ಲ, ಅದೇ ದೊಡ್ಡದು.

ಹಾಂ, ಆ ಡಿವಿಡಿ ಮಾಡಿದ ಮೂಲ ಟೇಪು ಮನೆಯಲ್ಲಿದೆಯೇ ಕೇಳಿ ನೋಡಿ.

ಹಳೇ ಟೇಪು · ಗುರುವಾರ ಬೆಳಿಗ್ಗೆ 6:30

ಟೇಪು ಇದ್ದರೆ ವಿಒಬಿಯನ್ನು ಬಿಡಿ, ಟೇಪಿನಿಂದಲೇ ಮತ್ತೆ ತೆಗೆಯೋಣ. ಮಿನಿಡಿವಿಯಾದರೆ ಫೈರ್‌ವೈರ್ ಅನ್ನುವ ಹಳೇ ಕೇಬಲ್ ಮೂಲಕ ಗಂಟೆಗೆ 13 ಜಿಬಿಯಂತೆ, ಟೇಪಿನಲ್ಲಿ ಇದ್ದದ್ದು ಇದ್ದ ಹಾಗೇ ಇಳಿಯುತ್ತದೆ. ಡಿವಿಡಿಗೆ ಹಾಕುವಾಗ ಅದನ್ನು ನಾಲ್ಕೈದು ಪಟ್ಟು ಹಿಂಡಿರುತ್ತಾರೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಕಿಂಡಿಯೇ ಇಲ್ಲ, ನನ್ನ ಹತ್ತಿರ ಹಳೆಯ ಕಂಪ್ಯೂಟರ್ ಒಂದು ಅದಕ್ಕಾಗಿಯೇ ಇದೆ. ಟೇಪಿಗೆ ಬೂಸ್ಟು ಹತ್ತುವ ಮೊದಲು ಮಾಡಬೇಕು. ಕರಾವಳಿಯ ಮಳೆಗಾಲ ಅವಕ್ಕೆ ಶತ್ರು.

ಶರಾವತಿ ದಂಡೆ · ಶುಕ್ರವಾರ ರಾತ್ರಿ 9:15

ಸರ್, ಹನ್ನೊಂದು ಟೇಪು ಸಿಕ್ಕವು! ಅಟ್ಟದ ಮೇಲೆ ಅಕ್ಕಿ ಡ್ರಮ್ಮಿನ ಪಕ್ಕ ಬಟ್ಟೆ ಸುತ್ತಿಟ್ಟಿದ್ದರಂತೆ. ಮೇಲೆ ಅಪ್ಪನ ಅಕ್ಷರದಲ್ಲಿ ಊರು, ಪ್ರಸಂಗ, ಮೇಳ ಎಲ್ಲ ಬರೆದಿದೆ. ಮುಂದಿನ ವಾರ ಅಣ್ಣ ಮೈಸೂರಿಗೆ ಬರುವವನಿದ್ದಾನೆ, ಅವನ ಕೈಲೇ ಕಳಿಸುತ್ತೇನೆ.

ಒಂದೇ ಪ್ರಶ್ನೆ ಉಳಿಯಿತು. ಡಿಸ್ಕ್ ತುಂಬುತ್ತಾ ಬಂತು. ಎಂಟಿಎಸ್ ತುಂಡುಗಳನ್ನು ಸೇರಿಸಿ ಒಂದು ಮಾಡಿಯಾಯಿತಲ್ಲ, ಪ್ರೊರೆಸ್ಸೂ ಇದೆ. 32 ತುಂಡುಗಳನ್ನು ಅಳಿಸಲೇ?

ಧಾರವಾಡದ ಮಳಿ · ಶುಕ್ರವಾರ ರಾತ್ರಿ 9:22

ಅಳಿಸಬ್ಯಾಡ್ರಿ ಅಕ್ಕಾರ! ಪ್ರೊರೆಸ್ ಅಳಿಸ್ರಿ, ಪ್ರಾಕ್ಸಿ ಅಳಿಸ್ರಿ, ಬೇಕಾದಾಗ ಮತ್ತ ಮಾಡಕೋಬಹುದು. ಕ್ಯಾಮೆರಾದಿಂದ ಬಂದದ್ದು ಮತ್ತ ಬರೂದಿಲ್ಲ. ರೆಕಾರ್ಡ್ ಮಾಡಿದ ತಾರೀಕು, ವೇಳೆ ಅದರಾಗ ಇರತೈತಿ. ಇನ್ನೊಂದು ಡಿಸ್ಕ್ ತಂದು ಅದರಾಗೂ ಒಂದು ಪ್ರತಿ ಇಟ್ಟು, ಊರಾಗ ಅಣ್ಣಾರ ಮನ್ಯಾಗ ಇಡ್ರಿ.

ಶರಾವತಿ ದಂಡೆ · ಶುಕ್ರವಾರ ರಾತ್ರಿ 9:40

ಆಯಿತು. ಪ್ರೊರೆಸ್ ಮಾತ್ರ ತೆಗೆದೆ, 210 ಜಿಬಿ ಖಾಲಿಯಾಯಿತು. ಟೇಪಿನ ಜೊತೆಗೇ ಹೊಸ ಡಿಸ್ಕನ್ನೂ ಅಣ್ಣನ ಕೈಗೆ ಕೊಟ್ಟು ಕಳಿಸುತ್ತೇನೆ.